ರಂಗವ್ವನ ಕಡೀ ನುಡಿ

ರಂಗವ್ವನ ದನಿಯನ್ನು ನೀವು ಕೇಳಿದ್ದೀರಿ. ಇಲ್ಲ ಎನ್ನಬೇಡಿ. ಎರಡು ವರ್ಷದಿಂದ ಬಾಗಲಕೋಟೆ ಜಿಲ್ಲೆಯಲ್ಲಿ ಕಿವಿ ಇದ್ದವರು ಯಾರೂ ಅದರಿಂದ ತಪ್ಪಿಸಿಕೊಂಡಿಲ್ಲ. ನವನಗರದ ಜಿಮ್ಮಿನಲ್ಲಿ ಹುಡುಗರು ಕಬ್ಬಿಣ ಎತ್ತುವಾಗ ಅದು ಇತ್ತು. ಇಳಕಲ್ಲಿನ ಸೀರೆ ಅಂಗಡಿಯೊಂದರ ಮುಂದೆ, ಗಿರಾಕಿ ಒಳಗೆ ಬರಲು ಹೆದರುವಷ್ಟು ಜೋರಾಗಿ ಇತ್ತು. ಕಬ್ಬಿನ ಟ್ರ್ಯಾಕ್ಟರುಗಳು ಅದನ್ನು ಎಳೆದುಕೊಂಡೇ ಕಾರ್ಖಾನೆಗೆ ಹೋದವು. “ನೀರ ಬಂತ, ನೀರ ಬಂತ, ನೀ ನೀ ನೀ ನೀರ ಬಂತ” ಎನ್ನುವ ಒಂದು ಹುಡುಗಿಯ ದನಿ; ಅದರ ಕೆಳಗೆ ಕರುಳು ಅಲುಗಿಸುವ ಗುಡುಗು.

ಆ ಹುಡುಗಿಗೆ ಐವತ್ತೆಂಟು ವರ್ಷ. ಶಿರೂರಿನಲ್ಲಿ ಗಂಡ ಗುರಪ್ಪನ ಜೊತೆ ಮೂವತ್ತು ಚಿಲ್ಲರೆ ಕುರಿ ಸಾಕಿಕೊಂಡಿದ್ದಾಳೆ. ಮೊಣಕಾಲು ನೋವು ಇದೆ. ಹಾಡಿನ ಕೆಳಗೆ ಅವಳ ಹೆಸರು ಹುಡುಕಿದರೆ ಆಗ ಸಿಗುತ್ತಿರಲಿಲ್ಲ. ಹಾಡಿನ ಹೆಸರು ‘ವಾಟರ್ ಡ್ರಾಪ್’. ಅದರ ಕೆಳಗೆ ಸಂಗೀತ ಯಾರದು, ಮಿಕ್ಸಿಂಗ್ ಯಾರದು, ಮೈಕು ಯಾವ ಕಂಪನಿಯದು, ಚಿತ್ರ ಬರೆದವರು ಯಾರು, ಎಲ್ಲವೂ ಇತ್ತು. ಹಾಡಿದವರ ಜಾಗದಲ್ಲಿ ‘ಗ್ರಾಮೀಣ ದನಿ’ ಎಂದಿತ್ತು. ಮೈಕಿಗೆ ಹೆಸರಿದೆ, ಮೈಕಿನ ಮುಂದೆ ನಿಂತವಳಿಗೆ ಇಲ್ಲ. ಜಾನಪದವನ್ನು ನಾವು ಹೀಗೆ ಗೌರವಿಸುತ್ತೇವೆ.

ಆದರೆ ರಂಗವ್ವ ತನ್ನ ಹೆಸರಿಗಾಗಿ ಯಾರ ಬಾಗಿಲಿಗೂ ಹೋದವಳಲ್ಲ. ಅವಳು ಹೋದದ್ದು ಬೇರೆ ಎರಡು ಹೆಸರಿಗಾಗಿ.

ಹುಟ್ಟಿದ್ದು ಕಲಾದಗಿಯಲ್ಲಿ. ಚಿಕ್ಕವಳಿದ್ದಾಗ ಯಾರದೋ ದಾಳಿಂಬೆ ತೋಟದಲ್ಲಿ ಹಕ್ಕಿ ಓಡಿಸುವ ಕೆಲಸ. ದನಿ ಬಂದದ್ದು ಅಲ್ಲಿಂದ ಎನ್ನುತ್ತಾಳೆ; ಗಿಳಿಗಳು ಸಣ್ಣ ದನಿಗೆ ಹೆದರುವುದಿಲ್ಲವಂತೆ. ಮದುವೆಯಾಗಿ ಶಿರೂರಿಗೆ ಬಂದಾಗ ಆ ದನಿಗೆ ಒಡತಿ ಸಿಕ್ಕಳು. ಅತ್ತೆ ಸಾವಿತ್ರೆವ್ವ. ಕುರುಬರ ದೇವರು ಬೀರಪ್ಪನ ಒಕ್ಕಲಿನ ಮನೆ, ಗೋಡೆಗೆ ಡೊಳ್ಳು ತೂಗುಹಾಕಿತ್ತು. ಅತ್ತೆ ಕಂಬಳಿಗೆ ನೂಲು ತೆಗೆಯುತ್ತ ಹಾಡು ಹೇಳಿಕೊಡುತ್ತಿದ್ದಳು. ತಪ್ಪಿದರೆ ನೂಲುವ ಕದಿರಿನಿಂದಲೇ ತಿವಿಯುತ್ತಿದ್ದಳು. ಸೊಸೆ ಅಡಿಗೆ ಕೆಡಿಸಿದರೆ ಸಾವಿತ್ರೆವ್ವ ಬಾಯಿ ಬಿಡುತ್ತಿರಲಿಲ್ಲ. ನುಡಿ ಕೆಡಿಸಿದರೆ ಮೂರು ದಿನ ಮಾತಾಡುತ್ತಿರಲಿಲ್ಲ.

ಸಾವಿತ್ರೆವ್ವನ ತವರು ಹಾಲಗುಂಡಿ. ಘಟಪ್ರಭೆಯ ದಂಡೆಯ ಮೇಲೆ ಒಂಬತ್ತು ಮನೆಯ ಊರು. ಆಲಮಟ್ಟಿಯ ಹಿನ್ನೀರು ಏರಿದಾಗ ದೊಡ್ಡ ಊರುಗಳಿಗೆ ಹೊಸ ಜಾಗ, ಹೊಸ ಹಲಗೆ ಬಂತು. ಒಂಬತ್ತು ಮನೆಯ ಊರು ಕಚೇರಿಯ ಕಣ್ಣಿಗೆ ಊರಲ್ಲ. ಪಕ್ಕದ ಹಳ್ಳಿಯ ಲೆಕ್ಕಕ್ಕೆ ಅದನ್ನು ಸೇರಿಸಿ, ಮಂದಿಯನ್ನು ಮೂರು ಕಡೆ ಹಂಚಿ, ಕಡತ ಮುಚ್ಚಿದರು. ಈಗ ಹಾಲಗುಂಡಿ ನಕಾಶೆಯಲ್ಲಿಲ್ಲ, ಬಸ್ಸಿನ ಹಲಗೆಯ ಮೇಲಿಲ್ಲ, ಮತದಾರರ ಪಟ್ಟಿಯಲ್ಲಿಲ್ಲ. ನೀರು ಏರುವುದನ್ನು ಸಾವಿತ್ರೆವ್ವ ದಂಡೆಯ ಮೇಲೆ ಕೂತು ನೋಡಿದಳು. ಮನೆಗೆ ಬಂದು ಏಳು ನುಡಿಯ ಹಾಡು ಕಟ್ಟಿದಳು. ಅಕ್ಷರ ಬಾರದವಳು, ಬರೆದಿಡಲಿಲ್ಲ. ಸೊಸೆಯ ಬಾಯಲ್ಲಿ ಇಟ್ಟಳು.

ಮೊದಲ ನುಡಿ ಇದು:

ನೀರ ಬಂತ ನೀರ ಬಂತ ನೋಡವ್ವ ತಂಗಿ
ನಿಂತ ನಿಂತಲ್ಲೆ ಮನಿಯೊಳಗ
ಒಳ್ಳ ಕಲ್ಲ ತೇಲಲಿಲ್ಲ ಒಲಿಗುಂಡ ಏಳಲಿಲ್ಲ
ಊರಿಗೂರ ತೇಲಿತ ಹೊಳಿಯೊಳಗ

ಏಳನೆಯದು ಕಡೀ ನುಡಿ. ಡೊಳ್ಳಿನ ಹಾಡಿಕೆಯಲ್ಲಿ ಎರಡು ಮೇಳ ಎದುರುಬದುರಾಗುತ್ತವೆ. ಯಾವ ಮೇಳದ ಹಾಡೇ ಆಗಲಿ, ಕೊನೆಯ ನುಡಿಯಲ್ಲಿ ಹಾಡಿನ ಊರು ಮತ್ತು ಗುರುವಿನ ಹೆಸರು ಬರಬೇಕು. ಬಾರದಿದ್ದರೆ ಎದುರಿನ ಮೇಳದವನು ಎದ್ದು ನಿಂತು ಕೇಳುತ್ತಾನೆ: ಊರು ಯಾವುದು, ಗುರು ಯಾರು? ಉತ್ತರ ಹೇಳುವತನಕ ಡೊಳ್ಳು ಕೆಳಗಿಡುವಂತಿಲ್ಲ. ಹೇಳದವರು ಸೋತಂತೆ, ಅವರು ಹಾಡಿದ್ದು ಕದ್ದ ಹಾಡು. ಈ ಶಿರೂರು–ಹುನಗುಂದ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಕೋರ್ಟಿಲ್ಲ.

ಸಾವಿತ್ರೆವ್ವನ ಕಡೀ ನುಡಿ:

ಘಟಪ್ರಭಿ ದಂಡೀಲಿ ಇತ್ತವ್ವ ಹಾಲಗುಂಡಿ
ಇದ್ದೂರ ಹೆಸರ ಬಿಡಬ್ಯಾಡ
ಹಾಲಗುಂಡಿ ಸಾವಿತ್ರಿ ಹಾಡಿಟ್ಟ ಹೋಗ್ಯಾಳ
ಹಾಡಾಕಿ ಮರತ ನಡಿಬ್ಯಾಡ

ಸಾಯುವ ಮೊದಲು ಅತ್ತೆ ಬಂಗಾರ, ಭೂಮಿ ಏನೂ ಹೇಳಲಿಲ್ಲ. ಇದ್ದರೆ ತಾನೆ. “ಆರು ನುಡಿ ಮರತ್ರ ಮರಿ. ಏಳನೇದು ಹೇಳು” ಎಂದಳು. ಇಪ್ಪತ್ತು ವರ್ಷ ರಂಗವ್ವ ಹೇಳಿದಳು. ಒಂದು ಊರು ಇತ್ತು ಎನ್ನುವುದಕ್ಕೆ ಜಗತ್ತಿನಲ್ಲಿ ಉಳಿದ ದಾಖಲೆ ಆ ನಾಲ್ಕು ಸಾಲು.

ಇಂಥ ದಾಖಲೆಯನ್ನು ಸಂತೋಷಕುಮಾರನ ಕೋಣೆಗೆ ಒಯ್ದದ್ದು ರಂಗವ್ವನೇ. ಸಂತೋಷಕುಮಾರ ನವನಗರದ ಹುಡುಗ. ಅಪ್ಪನದು ಬಟ್ಟೆ ಅಂಗಡಿ. ಇಂಜಿನಿಯರಿಂಗ್ ಮುಗಿಸಿ, ಅಂಗಡಿಯ ಹಿಂದಿನ ಗೋದಾಮಿನ ಗೋಡೆಗೆ, ಸದ್ದು ಮಾರ್ದನಿಸದಂತೆ, ತತ್ತಿಯ ಟ್ರೇ ಬಡಿದು ಸ್ಟುಡಿಯೊ ಮಾಡಿಕೊಂಡಿದ್ದ. ಅವನು ಮಾಡುವುದು ಡ್ರಮ್ ಅಂಡ್ ಬೇಸ್ ಎಂಬ ಸಂಗೀತ. ನಿಮಿಷಕ್ಕೆ ನೂರಾ ಎಪ್ಪತ್ತನಾಲ್ಕು ಬಡಿತ, ಕೆಳಗೆ ನೆಲ ನಡುಗಿಸುವ ಬೇಸ್. ಎಲ್ಲವೂ ಕಂಪ್ಯೂಟರಿನಲ್ಲಿ ಹುಟ್ಟಿದ್ದು. ಅದರ ಮೇಲೆ ಮನುಷ್ಯರು ಹಾಡಿದರೆ ವೋಕಲ್ ಡ್ರಮ್ ಅಂಡ್ ಬೇಸ್ ಎನ್ನುತ್ತಾರೆ. ಅವನಿಗೆ ಮನುಷ್ಯರು ಬೇಕಾಗಿದ್ದರು. ಶಿರೂರಿನಲ್ಲಿ ರಂಗವ್ವನ ಹಾಡಿಕೆ ಕೇಳಿ ಎರಡು ಸಲ ಮನೆಗೆ ಬಂದ, ಕುರಿಹಟ್ಟಿಯ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದ. ಹುಡುಗ ಕೆಟ್ಟವನಲ್ಲ. ಅದೇ ತೊಂದರೆ; ಕೆಟ್ಟವನಾಗಿದ್ದರೆ ಗುರಪ್ಪ ನಾಯಿ ಬಿಡುತ್ತಿದ್ದ.

ಕೋಣೆಯಲ್ಲಿ ರಂಗವ್ವನ ಕಿವಿಗೆ ಹೆಡ್‌ಫೋನ್ ಹಾಕಿದ. ಒಳಗೆ ಟಿಕ್‌ಟಿಕ್ ಸದ್ದು.

“ಯವ್ವಾ, ಈ ಟಿಕ್‌ಟಿಕ್ಕಿಗೆ ಕೂಡಿಸಿ ಹಾಡಬೇಕ್ರಿ.”

“ಇದ್ಯಾಕೋ ಯಪ್ಪಾ ಹಿಂಗ ಓಡಾಕತ್ತೈತಿ? ಯಾರರ ಬೆನ್ನ ಹತ್ಯಾರೇನು?”

“ನಿಮಿಷಕ್ಕ ನೂರಾ ಎಪ್ಪತ್ನಾಕ್ರಿ. ಈ ಮ್ಯೂಸಿಕ್ ಅಂದ್ರ ಹಂಗ.”

ಗುರಪ್ಪ ಮೂಲೆಯಲ್ಲಿ ಡೊಳ್ಳು ಹಿಡಿದು ಕೂತಿದ್ದ. “ನಮ್ಮ ಡೊಳ್ಳೂ ಕಡೀಕ ಇಷ್ಟ ಓಡತೈತ್ ತಮ್ಮಾ. ಆದ್ರ ಹಾಡು ಮುಗದಿಂದ ಓಡತೈತಿ. ಹಾಡು ಹೇಳೂವಾಗ ಓಡೂದಿಲ್ಲ.”

“ಇದರಾಗ ಎರಡೂ ಕೂಡೇ ಆಗತಾವ್ರಿ ಕಾಕಾ.”

“ಉಣಕೋತ ಓಡಿದಂಗ” ಎಂದಳು ರಂಗವ್ವ. “ಹೊಟ್ಟಿ ನೂಸತೈತಿ, ನೋಡಕೋ.”

ನಾಲ್ಕು ಸಲ ಪ್ರಯತ್ನಿಸಿ ಸಂತೋಷಕುಮಾರ ಕೈಚೆಲ್ಲಿದ. ಟಿಕ್‌ಟಿಕ್ ಬಂದ್ ಮಾಡಿ, ನಿಮ್ಮ ನಡಿಗೆಯಲ್ಲೇ ಹಾಡ್ರಿ, ಆಮೇಲೆ ನಾ ಜಗ್ಗಿ ಕೂಡಿಸ್ತೇನಿ ಎಂದ. ರಂಗವ್ವ ಕಣ್ಣು ಮುಚ್ಚಿ ಏಳೂ ನುಡಿ ಹಾಡಿದಳು. ಕಡೀ ನುಡಿ ಮುಗಿಸಿ, ಮೈಕಿನ ಕಾಲಿಗೆ ಕೈ ಮುಟ್ಟಿಸಿ ನಮಸ್ಕಾರ ಮಾಡಿದಳು. ಸಂತೋಷಕುಮಾರನ ಕಣ್ಣಲ್ಲಿ ನೀರಿತ್ತೆಂದು ಗುರಪ್ಪ ಈಗಲೂ ಸಾಕ್ಷಿ ಹೇಳುತ್ತಾನೆ. ಇರಬಹುದು. ಕಣ್ಣು ಒರೆಸಿದ ಕೈಯಲ್ಲೇ ಅವನು ಕತ್ತರಿ ಹಿಡಿದ.

ಹಾಡು ಹೊರಬಿದ್ದ ಹದಿನೈದು ದಿನಕ್ಕೆ ರಂಗವ್ವ ಅದನ್ನು ಕೇಳಿದಳು, ಶಿರೂರಿನ ಹಿಟ್ಟಿನ ಗಿರಣಿಯಲ್ಲಿ. ಜೋಳದ ಬುಟ್ಟಿ ಇಟ್ಟು ಸರದಿಗೆ ನಿಂತಿದ್ದಳು. ಗಿರಣಿಯ ದಾನಮ್ಮನ ಫೋನು ಹಾಡುತ್ತಿತ್ತು.

“ಯಾರಬೇ ಈ ಹುಡಿಗಿ? ಮೂಗಿನ್ಯಾಗ ಹಾಡತಾಳಲ್ಲ.”

ದಾನಮ್ಮ ಇವಳ ಮುಖ ನೋಡಿದಳು. “ನೀನ ಅಲ್ಲೇನ ಎಕ್ಕಾ? ‘ಹೊಳಿಯೊಳಗ’ ಅನ್ನೂ ಮುಂದ ನಿನ್ನ ಎಳತ ಐತಿ ನೋಡು.”

ರಂಗವ್ವ ಕಿವಿಗೊಟ್ಟಳು. ತನ್ನದೇ ದನಿ, ಆದರೆ ಯಾರೋ ಕೊರಳು ಹಿಡಿದು ಓಡಿಸಿದ ಹಾಗೆ. ಏಳು ನುಡಿಯಲ್ಲಿ ಒಂದು ಉಳಿದಿತ್ತು. ಆ ಒಂದರಲ್ಲೂ ಮೊದಲೆರಡು ಪದ ಮೂವತ್ತೆರಡು ಸಲ. ಊರು ಮುಳುಗಿದ್ದು ಹೋಗಿ ಬರೀ ನೀರು ಬಂದದ್ದು ಉಳಿದಿತ್ತು. ಹಿಟ್ಟು ಬೀಸಿ ಮುಗಿಯುವತನಕ ಅವಳು ಕಡೀ ನುಡಿಗಾಗಿ ಕಾದಳು. ಹಾಡು ಮುಗಿಯಿತು; ದಾನಮ್ಮನ ಫೋನು ಅದನ್ನು ಮೊದಲಿಂದ ಶುರು ಮಾಡಿತು.

ಮುಂದಿನ ಕತೆ ನಮ್ಮೆಲ್ಲರದು, ನಾಚಿಕೆಯೂ ನಮ್ಮೆಲ್ಲರದು. ಜಿಲ್ಲೆ ಕುಣಿಯಿತು. ಮುಳುಗಡೆಯಾಗಿ ನವನಗರಕ್ಕೆ ಬಂದು ಮನೆ ಕಟ್ಟಿದವರ ಮೊಮ್ಮಕ್ಕಳು, ಅಜ್ಜಿಯ ಮನೆ ಮುಳುಗಿದ ಹಾಡಿಗೆ ಮದುವೆ ಮೆರವಣಿಗೆಯಲ್ಲಿ ಕುಣಿದರು. ಒಂದು ಹಳ್ಳಿಯಲ್ಲಿ ಕುಡಿಯುವ ನೀರಿನ ಘಟಕದ ಉದ್ಘಾಟನೆಗೆ ಇದೇ ಹಾಡು ಹಚ್ಚಿದರು. “ನೀರ ಬಂತ, ನೀರ ಬಂತ” ಎಂದು ಪೆಟ್ಟಿಗೆ ಅರಚುತ್ತಿತ್ತು, ಮುಖಂಡರು ಗುಂಡಿ ಒತ್ತಿದರು, ನಳದಿಂದ ಗಾಳಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಡಿನ ತಾಳ ಹಾಗಿತ್ತು. ತಟ್ಟದೆ ಇರಲು ಆಗುತ್ತಿರಲಿಲ್ಲ.

ತಟ್ಟದ ಒಬ್ಬನಿದ್ದ. ರಾಮಥಾಳದ ಲಕ್ಷ್ಮಣ. ಇಪ್ಪತ್ತೈದು ವರ್ಷದಿಂದ ರಂಗವ್ವನ ಎದುರು ಮೇಳ ಕಟ್ಟಿ ಹಾಡಿದವನು. ಹೆಚ್ಚು ಸಲ ಸೋತವನು. ಫೋನಿನಲ್ಲಿ ಹಾಡು ಪೂರ್ತಿ ಕೇಳಿದ. ಕಡೀ ನುಡಿ ಇಲ್ಲ. ಮೊಬೈಲು, ಸ್ಟುಡಿಯೊ, ಡ್ರಮ್ಮು, ಬೇಸು, ಯಾವ ವಿವರವೂ ಅವನಿಗೆ ಬೇಕಾಗಲಿಲ್ಲ. ಶಿರೂರಿನ ಮೇಳ ಊರು ಗುರು ಹೇಳದೆ ಹಾಡು ನಿಲ್ಲಿಸಿದೆ, ಅಂದರೆ ಸೋತಿದೆ. ಹುನಗುಂದದ ಸಂತೆಯಲ್ಲಿ ಅದನ್ನು ಸಾರಿದ. ಲಕ್ಷ ಮಂದಿಯ ಮುಂದೆ ಸೋತಳು ಎಂದು ಸೇರಿಸಿದ. ನೋಡಿದವರ ಸಂಖ್ಯೆ ಫೋನೇ ತೋರಿಸುತ್ತಿತ್ತಲ್ಲ.

ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಎದುರಾದರು.

“ಏನಬೇ ರಂಗವ್ವ, ಅತ್ತಿ ಹೆಸರ ಮಾರಕೊಂಡಿಯಂತ?”

“ಮಾರಿಲ್ಲೋ ಲಕ್ಷ್ಮಣಣ್ಣ. ಕಡದಾರ.”

“ಅವರು ಕಡಿಯೂ ಮುಂದ ನೀ ಏನ್ ಮಾಡ್ತಿದ್ದಿ?”

“ಕುರಿ ಕಾಯ್ತಿದ್ನಿ.”

“ಹಾಡೂ ಒಂದೀಟ ಕಾಯಬೇಕಿತ್ತು” ಎಂದು ಲಕ್ಷ್ಮಣ ಬಸ್ಸು ಹತ್ತಿದ. ಕಿಟಕಿಯಿಂದ ತಲೆ ಹಾಕಿ ಮತ್ತೆ ಹೇಳಿದ: “ಎದುರಿಗೆ ಸಿಗು. ಕೇಳತೇನಿ. ಅದ ಹಾಡಿಗೆ ಕೇಳತೇನಿ.”

ರಂಗವ್ವ ಮನೆಗೆ ಹೋಗಲಿಲ್ಲ. ಸೀದಾ ನವನಗರದ ಬಟ್ಟೆ ಅಂಗಡಿಗೆ ಹೋದಳು.

“ಕಡೀ ನುಡಿ ಎಲ್ಲೈತಿ ಸಂತೋಷಾ?”

“ಐತ್ರಿ ಯವ್ವಾ. ಕಂಪ್ಯೂಟರಿನ್ಯಾಗ ಐತಿ. ಎಲ್ಲೂ ಹೋಗಿಲ್ಲ.”

“ಕಂಪ್ಯೂಟರಿಗೆ ಹಾಡಿದ್ನೇನು ನಾ? ಮಂದಿಗೆ ಯಾಕ ಕೇಳಿಸಿಲ್ಲ?”

ಅವನು ವಿವರಿಸಿದ. ಮೂರೂವರೆ ನಿಮಿಷದ ಹಾಡು. ಡ್ರಾಪ್ ಎಂದು ಒಂದು ಕ್ಷಣ ಇರುತ್ತದೆ; ಬಡಿತ ನಿಂತು, ಉಸಿರು ಹಿಡಿದು, ಒಮ್ಮೆಲೇ ಬೇಸ್ ಬೀಳುತ್ತದೆ. ಅದಾದ ಮೇಲೆ ಯಾರಿಗೂ ಊರು, ಗುರು, ಹೊಳೆ ಬೇಕಾಗುವುದಿಲ್ಲ. ಜಿಗಿಯುವುದು ಬೇಕು.

“ಜಿಗೀಲಿ. ಜಿಗದ ಮ್ಯಾಲ ಕೆಳಗ ಬೀಳತಾರಲ್ಲ? ಆವಾಗ ಹೇಳು.”

ಹುಡುಗ ಮಾತು ತಿರುಗಿಸಿದ. “ಯವ್ವಾ, ಬಾದಾಮ್ಯಾಗ ಲೈವ್ ಐತಿ. ದೊಡ್ಡ ಕಾರ್ಯಕ್ರಮ. ಅಲ್ಲಿ ನೀವ ಹಾಡೋರು. ಏಳೂ ನುಡಿ ಹಾಡ್ರಿ, ಯಾರ್ ಬ್ಯಾಡ ಅಂತಾರ?” ಎಂದ. ರಂಗವ್ವ ನಂಬಿದಳು. ಲೈವ್ ಎಂದರೆ ಎದುರು ನಿಂತು ಹಾಡುವುದು ಎಂದು ಅವಳು ತಿಳಿದಿದ್ದಳು, ಮತ್ತೇನು ತಿಳಿಯಬೇಕಿತ್ತು?

ಆ ಕಾರ್ಯಕ್ರಮದ ಹೆಸರು ‘ಬೇರು–ಬೇಸ್ ಉತ್ಸವ’. ನಡೆಸಿದ್ದು ಇಳಕಲ್ಲಿನ ನಾದಪರಂಪರಾ ಪ್ರತಿಷ್ಠಾನ. ಅದರ ಅಧ್ಯಕ್ಷರು ವಿಜಯಮಹಾಂತೇಶ, ಗ್ರಾನೈಟ್ ವ್ಯಾಪಾರಿ. ಗುಡ್ಡ ಕೊರೆದು ಮಾರುವವರಿಗೆ ಪರಂಪರೆಯ ಮೇಲೆ ಯಾಕೋ ಪ್ರೀತಿ ಜಾಸ್ತಿ. ಬಾದಾಮಿಯ ಹೊರಗಿನ ಒಂದು ರೆಸಾರ್ಟಿನ ಹುಲ್ಲಿನ ಮೇಲೆ ವೇದಿಕೆ. ಮುಂದೆ ಸೋಫಾ, ಅದರ ಹಿಂದೆ ಪಾಸ್ ಇದ್ದವರು, ಅದರ ಹಿಂದೆ ಒಂದು ಹಗ್ಗ, ಹಗ್ಗದ ಹಿಂದೆ ‘ಸ್ಥಳೀಯರು’. ಹಾಗೆಂದು ಹಲಗೆ ಬರೆದು ಹಾಕಿದ್ದರು. ಬಾದಾಮಿಯಲ್ಲಿ ಬಾದಾಮಿಯವರಿಗೆ ಹಗ್ಗ.

ಮಧ್ಯಾಹ್ನವೇ ರಂಗವ್ವ, ಗುರಪ್ಪ ಬಂದರು. ರಂಗವ್ವ ಇಳಕಲ್ ಸೀರೆ ಉಟ್ಟಿದ್ದಳು. ದಿನಾ ಉಡುವುದೂ ಅದನ್ನೇ. ನಿರೂಪಕಿ ಅಂಜನಾ ಬಂದು ನೋಡಿ ಬೇಸರಪಟ್ಟಳು.

“ಅಮ್ಮ, ವೇದಿಕೆಗೆ ಸ್ವಲ್ಪ ಜಾನಪದ ಶೈಲಿಯ ಉಡುಪು ಬೇಕಾಗುತ್ತದೆ.”

“ಇದ ಏನೈತಿ ಮತ್ತ, ತಂಗಿ?”

“ಇದು ತೀರಾ ಸಾಮಾನ್ಯವಾಗಿ ಕಾಣುತ್ತದೆ.”

ಕನ್ನಡಿ ಹಚ್ಚಿದ ಇನ್ನೊಂದು ಇಳಕಲ್ ಸೀರೆ ಬಂತು. ಅದನ್ನು ಉಟ್ಟು ರಂಗವ್ವ ಕೂತರೆ ಕನ್ನಡಿ ಚುಚ್ಚುತ್ತಿತ್ತು, ನಿಂತರೆ ಹೊಳೆಯುತ್ತಿತ್ತು. ನಿಂತೇ ಇದ್ದಳು. ಗುರಪ್ಪನಿಗೆ ತಲೆಗೆ ಮೂರು ಬಣ್ಣದ ರುಮಾಲು ಸುತ್ತಿದರು. “ನನ್ನ ಬ್ಯಾಂಡಿನಾಂವ ಮಾಡಿಬಿಟ್ರಲ್ಲ” ಎಂದು ಅವನು ಗೊಣಗಿದ.

ಸೌಂಡ್ ಚೆಕ್ ಶುರುವಾಯಿತು. ಸಂತೋಷಕುಮಾರ ಲ್ಯಾಪ್‌ಟಾಪಿನ ಹಿಂದೆ ನಿಂತ. ರಂಗವ್ವ ಮೈಕಿನ ಮುಂದೆ ಬಾಯಿ ತೆರೆಯುವ ಮೊದಲೇ ಪೆಟ್ಟಿಗೆಗಳಿಂದ ರಂಗವ್ವ ಹಾಡತೊಡಗಿದಳು. ಹುಡುಗಿ ದನಿ, ನೀ ನೀ ನೀ. ಮೈಕಿಗೆ ಬೆರಳು ಬಡಿದು ನೋಡಿದಳು. ಸದ್ದಿಲ್ಲ.

“ಇದು ಸತ್ತೈತಲ್ಲೋ.”

ವೇದಿಕೆ ನೋಡಿಕೊಳ್ಳುವವನು ದೂರದಿಂದ ಕೂಗಿದ: “ಅದು ತೋರ್ಸಾಕಷ್ಟ ಬೇ. ಹಾಡು ರೆಕಾರ್ಡಿನಿಂದ ಬರತೈತಿ. ತುಟಿ ಅಲಗಾಡಿಸಿದ್ರ ಆತು.”

“ಮತ್ತ ಲೈವ್ ಅಂದ್ರೇನು?”

“ನೀವು ಖುದ್ದ ಬಂದೀರಲ್ರಿ. ಅದ ಲೈವ್.”

ಸಂತೋಷಕುಮಾರ ನೆಲ ನೋಡುತ್ತ ಬಂದ. ಅಧ್ಯಕ್ಷರ ಆದೇಶ ಎಂದ. ವಿಡಿಯೊ ಪ್ರಾಯೋಜಕರಿಗೆ ಹೋಗಬೇಕು, ಮಂದಿ ಫೋನಿನಲ್ಲಿ ಕೇಳಿದ ಹಾಗೆಯೇ ಇರಬೇಕು. ಡೊಳ್ಳಿನ ಮೈಕೂ ಬಂದ್. ಒಪ್ಪದಿದ್ದರೆ ಪ್ರತಿಷ್ಠಾನ ತನಗೆ ಕೊಟ್ಟ ಈ ವರ್ಷದ ಉಳಿದ ನಾಲ್ಕು ಕಾರ್ಯಕ್ರಮ ಬೇರೆಯವರಿಗೆ.

“ನಿಮ್ಮ ಅಪ್ಪ ಅಂಗಡ್ಯಾಗ ಅರಿವಿ ಕಡಿಯೂ ಮುಂದ ಅಳತಿ ಕೇಳತಾನ, ಹೌದಲ್ಲ?” ಎಂದಷ್ಟೇ ಹೇಳಿ ರಂಗವ್ವ ಗುರಪ್ಪನ ಪಕ್ಕ ಹೋಗಿ ನಿಂತಳು. ಮನೆಗೆ ಹೊರಡೋಣ ಎಂದ ಗುರಪ್ಪ. ಬೇಡ ಎಂದಳು. ಹೋದರೆ ಲಕ್ಷ್ಮಣ ಹೇಳಿದ್ದು ಖರೆಯಾಗುತ್ತದೆ.

ಹೊತ್ತು ಇಳಿಯುವಾಗ ಭಾಷಣ. ಜಾನಪದ ಉಳಿಸಬೇಕೆಂದು ವಿಜಯಮಹಾಂತೇಶರು ನಲವತ್ತು ನಿಮಿಷ ಮಾತಾಡಿದರು. ಹಾಡಿಗೆ ಕೊಟ್ಟದ್ದು ನಾಲ್ಕು ನಿಮಿಷ. “ಈ ತಾಯಿ ನಮ್ಮ ಮಣ್ಣಿನ ಬೇರು, ನಮ್ಮ ಹೆಮ್ಮೆಯ ಗಂಗವ್ವ” ಎಂದು ಶಾಲು ಹೊದಿಸಿದರು. ಹಗ್ಗದ ಹಿಂದಿನಿಂದ ಯಾರೋ “ರಂಗವ್ವ ರೀ” ಎಂದರು. ಸಾಹೇಬರು ಅದನ್ನು ಜೈಕಾರ ಎಂದುಕೊಂಡು ಕೈ ಮುಗಿದರು.

ಆಮೇಲೆ ಹಾಡು. ಒಪ್ಪಿಕೊಳ್ಳಬೇಕು, ಬೇಸ್ ಬಿದ್ದಾಗ ಹುಲ್ಲು ನಡುಗಿತು. ಪಾಸಿನವರು ಜಿಗಿದರು, ಹಗ್ಗದ ಹಿಂದಿನವರೂ ಜಿಗಿದರು. ರಂಗವ್ವ ತುಟಿ ಅಲುಗಿಸಿದಳು. ಗುರಪ್ಪ ಯಾರಿಗೂ ಕೇಳಿಸದ ಡೊಳ್ಳು ಬಾರಿಸಿದ. ನಾಲ್ಕು ನಿಮಿಷಕ್ಕೆ ಎಲ್ಲ ಮುಗಿದು ಚಪ್ಪಾಳೆ ಬಿತ್ತು. ಗುರಪ್ಪ ಡೊಳ್ಳಿನ ಹಗ್ಗಕ್ಕೆ ಕೈ ಹಾಕಿದ್ದ, ಕೆಳಗಿಳಿಸಲು.

ಹಗ್ಗದ ಹಿಂದೆ ಒಬ್ಬ ಎದ್ದು ನಿಂತ. ಬಿಳಿ ರುಮಾಲು, ಹೆಗಲ ಮೇಲೆ ಕಂಬಳಿ. ರಾಮಥಾಳದ ಲಕ್ಷ್ಮಣ ಎರಡು ಬಸ್ಸು ಬದಲಿಸಿ ಬಂದಿದ್ದ. ಇದು ಡಿಜೆ ಕಾರ್ಯಕ್ರಮ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ. ಡೊಳ್ಳು ಇದೆ, ಶಿರೂರಿನ ಮೇಳ ಇದೆ, ಅಂದರೆ ಹಾಡಿಕೆ. ಅವನು ಗೆಲ್ಲಲು ಬಂದಿದ್ದ. ಮೈಕಿಲ್ಲದ ಗಂಟಲಲ್ಲಿ ಕೇಳಿದ:

“ಶಿರೂರ ಮ್ಯಾಳಾ. ಊರ ಯಾವದು? ಗುರು ಯಾರು?”

ಸೋಫಾದವರು ಹಿಂತಿರುಗಿ ನೋಡಿದರು. ಕುಡಿದಿದ್ದಾನೆ ಎಂದರು. ಕಾವಲಿನ ಇಬ್ಬರು ಅವನ ಕಡೆ ಓಡಿದರು.

ಗುರಪ್ಪನ ಕೈ ಡೊಳ್ಳಿನ ಹಗ್ಗ ಬಿಟ್ಟಿತು. ಪ್ರಶ್ನೆ ಬಿದ್ದ ಮೇಲೆ ಡೊಳ್ಳು ಕೆಳಗಿಡುವಂತಿಲ್ಲ. ಪ್ರಾಯೋಜಕರು, ಅಧ್ಯಕ್ಷರು, ಅವರ ನಾಲ್ಕು ನಿಮಿಷ, ಅವನಿಗೆ ಏನೂ ಕಾಣಲಿಲ್ಲ. ಬಾರಿಸತೊಡಗಿದ. ಮೈಕು ಬಂದ್ ಇದ್ದರೇನು, ಡೊಳ್ಳು ಹುಟ್ಟಿದ್ದು ಮೈಕಿಗಿಂತ ಮೊದಲು. ಅಂಜನಾ ಮುಂದೆ ಬಂದು, “ಈಗ ನಿಮ್ಮ ಮುಂದೆ ಮನಮೋಹಕ ಸಮ್ಮಿಶ್ರ ನೃತ್ಯ” ಎಂದು ಹೇಳಿದಳು. ಡೊಳ್ಳು ನಿಲ್ಲಲಿಲ್ಲ. ನೃತ್ಯದ ಹುಡುಗಿಯರು ಮೆಟ್ಟಿಲ ಮೇಲೆ ಬಂದು ನಿಂತರು.

“ಕಾಕಾ, ನಿಲ್ಲಿಸಿ” ಎಂದಳು ಅಂಜನಾ.

“ಕೇಳ್ಯಾರಲ್ಲವಾ” ಎಂದ ಗುರಪ್ಪ. “ಹೇಳೂತನಾ ಇಳಸಾಕ ಬರೂದಿಲ್ಲ.”

ರಂಗವ್ವ ಶಾಲು ತೆಗೆದು ಪೆಟ್ಟಿಗೆಯ ಮೇಲೆ ಇಟ್ಟಳು. ಸತ್ತ ಮೈಕಿನ ಮುಂದೆ ಬಾಯಿ ತೆರೆದಳು. ಗಿಳಿ ಓಡಿಸಿದ ದನಿ. ‘ಘಟಪ್ರಭಿ ದಂಡೀಲಿ’ ಎಂದು ಎತ್ತಿದಾಗ ಮುಂದಿನ ಸಾಲುಗಳು ಇನ್ನೂ ಗಲಗಲ ಮಾತಾಡುತ್ತಿದ್ದವು. ಹಗ್ಗದ ಹಿಂದೆ ಮಾತ್ರ ಮೌನ. ವಿಜಯಮಹಾಂತೇಶರು ಸೋಫಾದಿಂದ ಸಂತೋಷಕುಮಾರನಿಗೆ ಕೈಸನ್ನೆ ಮಾಡಿದರು: ಮುಂದಿನ ಹಾಡು ಹಚ್ಚು, ಮುಚ್ಚಿಹಾಕು. ಅವನ ಒಂದು ಬೆರಳು ಲ್ಯಾಪ್‌ಟಾಪಿನ ಮೇಲಿತ್ತು, ಇನ್ನೊಂದು ಮೈಕಿನ ಸದ್ದು ಏರಿಸುವ ಕಡ್ಡಿಯ ಮೇಲೆ. ಎರಡು ಸಾಲು ಮುಗಿಯುವಷ್ಟು ಹೊತ್ತು ಹಾಗೆಯೇ ನಿಂತಿದ್ದ. ಮೂರನೇ ಸಾಲಿಗೆ ಕಡ್ಡಿ ಮೇಲೆ ತಳ್ಳಿದ.

“ಹಾಲಗುಂಡಿ ಸಾವಿತ್ರಿ ಹಾಡಿಟ್ಟ ಹೋಗ್ಯಾಳ” ಎಂಬುದು ಅಷ್ಟೂ ಪೆಟ್ಟಿಗೆಗಳಿಂದ ಒಮ್ಮೆಲೇ ಹೊರಬಂತು. ಮುಂದಿನವರು ಬೆಚ್ಚಿ ಸುಮ್ಮನಾದರು. ಅವನು ಕೆಳಗೆ ಬೇಸಿನ ಒಂದೇ ಒಂದು ಸ್ವರ ಹಿಡಿದ, ಬಡಿತ ಸೇರಿಸಲಿಲ್ಲ. ಬಡಿತ ಗುರಪ್ಪನದೇ. ರಂಗವ್ವನ ಕಾಲು ನಡೆದಷ್ಟೇ ವೇಗ. ನಾಲ್ಕೂ ಸಾಲನ್ನು ಅವಳು ಮತ್ತೊಮ್ಮೆ ಮೊದಲಿಂದ ಹಾಡಿದಳು, ಸೋಫಾದವರಿಗೆ ಮೊದಲೆರಡು ಸಾಲು ತಪ್ಪಿದ್ದವು ಎಂದು.

ಕಾವಲಿನವರ ಕೈಯಲ್ಲಿ ರಟ್ಟೆ ಕೊಟ್ಟು ನಿಂತಿದ್ದ ಲಕ್ಷ್ಮಣ ತಲೆಯಾಡಿಸಿದ. “ಈಗ ಸರಿ ಆತು. ಬಿಡ್ರಿ ನನ್ನ. ನನ್ನ ಪಾಳಿ ಬಂತು, ಸವಾಲ್ ಹಾಡಬೇಕು” ಎಂದ. ಅವನನ್ನು ಹೊರಗೆ ಹಾಕಿದರು. ಪಾಳಿ ತಪ್ಪಿಸಿದ ಅನ್ಯಾಯವನ್ನು ಅವನು ಈಗಲೂ ಹುನಗುಂದದಲ್ಲಿ ಹೇಳಿಕೊಂಡು ತಿರುಗುತ್ತಾನೆ. ರಂಗವ್ವ ಸೋತಳೆಂದು ಮಾತ್ರ ಹೇಳುವುದಿಲ್ಲ.

ಪ್ರತಿಷ್ಠಾನ ಹೊರತಂದ ವಿಡಿಯೊ ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ‘ತಾಂತ್ರಿಕ ಅಡಚಣೆಗೆ ವಿಷಾದ’ ಎಂದು ಪ್ರಕಟಣೆಯೂ ಬಂತು. ಒಂದು ಊರಿನ ಹೆಸರು ಕೇಳಿಸಿದ್ದು ಅಡಚಣೆ. ಸಂತೋಷಕುಮಾರನ ನಾಲ್ಕು ಕಾರ್ಯಕ್ರಮ ಹೋದವು. ಅವನು ಗೋದಾಮಿನ ಬಾಗಿಲು ಹಾಕಿಕೊಂಡು ಹಾಡನ್ನು ಮತ್ತೆ ಕೂಡಿಸಿದ, ಡ್ರಾಪ್ ಆದ ಮೇಲೆ ಕಡೀ ನುಡಿ ಇಟ್ಟು. ಹಾಡಿದವರು ರಂಗವ್ವ, ಶಿರೂರು. ಕಟ್ಟಿದವರು ಸಾವಿತ್ರೆವ್ವ, ಹಾಲಗುಂಡಿ ಎಂದು ಬರೆದ. ಕೇಳಿಸಲು ಶಿರೂರಿಗೆ ಬಂದಾಗ ರಂಗವ್ವ ಪೂರ್ತಿ ಕೇಳಿ, ಒಂದು ಕರಾರು ಹಾಕಿದಳು.

“ಹಾಡು ಈಗ ನಿನ್ನ ಕೈಯಾಗೂ ಬಂತು. ನೀ ಎಲ್ಲಿ ಬಾರಿಸ್ತಿ, ಅಲ್ಲಿ ನಿನ್ನ ಬಾಯಿಲೆ ಊರು ಗುರು ಹೇಳಬೇಕು. ನಾ ಇರಲಿ ಬಿಡಲಿ.”

“ಎಲ್ಲಿ ಹೋದ್ರೂ ಏನ್ರಿ?”

“ಹಾಡಿಗೆ ಅಲ್ಲೊಂದು ಇಲ್ಲೊಂದು ಐತೇನು?”

ಕಳೆದ ತಿಂಗಳು ಅವನಿಗೆ ಪುಣೆಯಲ್ಲಿ ಒಂದು ಕಾರ್ಯಕ್ರಮ ಸಿಕ್ಕಿತು. ಅದರ ವಿಡಿಯೊ ಕಳಿಸಿದ; ಕುರಿಗೆ ನೀರು ಕುಡಿಸಿ ಬಂದ ಗಂಡ ಹೆಂಡತಿ ಕಟ್ಟೆಯ ಮೇಲೆ ಕೂತು ನೋಡಿದರು. ಬೇಸ್ ನಿಂತ ಮೇಲೆ ಸಂತೋಷಕುಮಾರ ಮೈಕು ಹಿಡಿದು, “ಊರ ಹಾಲಗುಂಡಿ, ಗುರು ಸಾವಿತ್ರೆವ್ವ” ಎನ್ನುತ್ತಾನೆ. ಕನ್ನಡ ಬಾರದ ಸಾವಿರ ಹುಡುಗರಿಗೆ ಅದೊಂದು ಘೋಷಣೆ ಎನಿಸಿರಬೇಕು. ಕೈ ಮೇಲೆತ್ತಿ, “ಹಾಲಗುಂಡಿ, ಹಾಲಗುಂಡಿ” ಎಂದು ಕೂಗುತ್ತಾರೆ. ಯಾವ ಕಚೇರಿಯೂ ಬರೆದುಕೊಳ್ಳದ ಊರು.

ಗುರಪ್ಪನಿಗೆ ಸಮಾಧಾನವಾಗಲಿಲ್ಲ. “ಏನ್ ಒದರಾಕತ್ತೇವಿ ಅಂತ ಇವರಿಗೆ ಏನ್ ತಿಳೀತೈತಿ? ಯಾವುದರ ಎಣ್ಣಿ ಹೆಸರು ಅಂದ್ಕೊಂಡಿರತಾರ.”

“ಅತ್ತಿ ಹೇಳು ಅಂದಿದ್ಲು” ಎಂದಳು ರಂಗವ್ವ. “ತಿಳಿಸು ಅಂದಿರಲಿಲ್ಲ.”

ಫೋನು ಅವನ ಕೈಗೆ ಕೊಟ್ಟಳು. “ಇನ್ನೊಮ್ಮಿ ಹಚ್ಚರಿ. ಬರೇ ಆ ಒದರೂದಷ್ಟ. ಸಣ್ಣಗ ಇಡ್ರಿ, ಮರಿ ಬೆದರತಾವ.”